ಮುಂಗಡ ಪಾಪನಿವೇದನೆ

ಮತದಾನಕ್ಕೆ ಇನ್ನೊಂದೇ ವಾರ ಎನ್ನುವಾಗ ಸೂಲಗಿತ್ತಿಗೆ ಯಾರ ಮುಖ ಕಂಡರೂ ರೇಗತೊಡಗಿತು. ಅದಕ್ಕೂ ಮೊದಲು ಅವಳೇನು ಶಾಂತಮೂರ್ತಿಯಾಗಿರಲಿಲ್ಲ. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರಿಗೆ ದನಿ ತಗ್ಗಿಸಿ ಮಾತಾಡುವ ಅಭ್ಯಾಸ ಉಳಿಯುವುದಿಲ್ಲ. ಆದರೆ ಅವಳ ಸಿಟ್ಟಿಗೊಂದು ಕ್ರಮವಿತ್ತು: ಬರುತ್ತಿತ್ತು, ಎರಡು ಮಾತು ಆಡಿಸುತ್ತಿತ್ತು, ಬಂದ ದಾರಿಯಲ್ಲೇ ಹೋಗುತ್ತಿತ್ತು. ಈ ವಾರದ ಸಿಟ್ಟು ಮಾತ್ರ ದೂರದ ನೆಂಟರ ಹಾಗೆ ಹಾಸಿಗೆ ಬಿಡಿಸಿಕೊಂಡು ಕೂತುಬಿಟ್ಟಿತ್ತು.

ಆಸ್ಪತ್ರೆಯ ದಾಖಲೆಯಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರಿದೆ. ಊರಿಗೆ ಅವಳು ಸೂಲಗಿತ್ತಿಯೇ. ಅರ್ಧ ಊರು ಅವಳ ಕೈಮೇಲೇ ಹುಟ್ಟಿದ್ದು. ಹಾಗಾಗಿ ಊರಿಗೆ ಅವಳೆಂದರೆ ಸ್ವಲ್ಪ ಭಯ, ಸ್ವಲ್ಪ ಸಲಿಗೆ.

ಚುನಾವಣೆಗೆ ನಿಂತವರು ಇಬ್ಬರು. ಊರು ಇಬ್ಬರಿಗೂ ತನ್ನ ಲೆಕ್ಕದ ಹೆಸರನ್ನೇ ಇಟ್ಟಿತ್ತು. ಒಬ್ಬರು ‘ಮುಂದಿನ ಬೆಂಚು’. ಪ್ರತಿ ಭಾನುವಾರ ಹೆಂಡತಿ ಮಕ್ಕಳ ಸಮೇತ ಬಂದು ಚರ್ಚಿನ ಮುಂದಿನ ಬೆಂಚಿನಲ್ಲೇ ಕೂರುವವರು. ಇನ್ನೊಬ್ಬರು ‘ಎರಡು ಮನೆ’. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಮನೆ ಮಾಡಿದ ದಿನದಿಂದ ಅವರು ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಇಷ್ಟೇ ಆಗಿದ್ದರೆ ಸೂಲಗಿತ್ತಿ ಅದನ್ನು ಅವರ ಹೆಂಡತಿಯರಿಗೆ ಬಿಟ್ಟು ಸುಮ್ಮನಿರುತ್ತಿದ್ದಳು. ಆದರೆ ಹೋದ ವರ್ಷ ಶಾಸನಸಭೆಯಲ್ಲಿ, ಹೊಟ್ಟೆಯಲ್ಲಿರುವ ಮಗುವನ್ನು ತೆಗೆಸುವುದನ್ನು ಸುಲಭ ಮಾಡುವ ಕಾನೂನು ಬಂದಾಗ, ಎರಡು ಮನೆಯವರು ಅದರ ಪರವಾಗಿ ಕೈ ಎತ್ತಿದ್ದರು. ಪತ್ರಿಕೆಯಲ್ಲಿ ಬಂದ ಆ ಕೈಯ ಚಿತ್ರವನ್ನು ಸೂಲಗಿತ್ತಿ ಬಹಳ ಹೊತ್ತು ನೋಡಿದ್ದಳು. ಎಷ್ಟು ಹಗುರವಾಗಿ ಎತ್ತಿದ್ದಾರೆ, ಬಸ್ಸು ನಿಲ್ಲಿಸುವವರ ಹಾಗೆ!

ಹಾಗಾದರೆ ಮುಂದಿನ ಬೆಂಚಿಗೆ ಹಾಕಿದರಾಯಿತು ಎನ್ನಬಹುದು. ಮುಂದಿನ ಬೆಂಚಿನವರು ಆ ಕಾನೂನನ್ನು ಬಹಿರಂಗವಾಗಿ ವಿರೋಧಿಸಿದವರು. ಅದಕ್ಕಾಗಿ ಬೈಸಿಕೊಂಡವರು ಕೂಡ. ಆದರೆ ಅದೇ ಬಾಯಲ್ಲಿ, ಊರಿನ ಹೆರಿಗೆ ವಾರ್ಡನ್ನು ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸುತ್ತೇನೆ ಎಂದು ಸಭೆಸಭೆಯಲ್ಲೂ ಹೇಳುತ್ತಿದ್ದರು. ವರ್ಷಕ್ಕೆ ನೂರೈವತ್ತು ಹೆರಿಗೆಯೂ ಆಗದ ವಾರ್ಡು ಯಾಕೆ ಬೇಕು ಎಂಬುದು ಅವರ ಪ್ರಶ್ನೆ. ವಾರ್ಡು ಮುಚ್ಚಲು ಬಿಡುವುದಿಲ್ಲ ಎನ್ನುತ್ತಿದ್ದವರು ಎರಡು ಮನೆಯವರು. ದೊಡ್ಡಾಸ್ಪತ್ರೆ ಇರುವುದು ಒಂದೂವರೆ ಗಂಟೆಯ ದಾರಿ, ನಡುವೆ ರೈಲ್ವೆ ಗೇಟು.

ಆ ಗೇಟಿನ ಹೆಸರು ತೆಗೆದರೆ ಸೂಲಗಿತ್ತಿಯ ಮುಖ ಕಪ್ಪಿಡುತ್ತಿತ್ತು. ಎರಡು ವರ್ಷದ ಹಿಂದೆ ಚಾವಣಿ ರಿಪೇರಿಗೆಂದು ವಾರ್ಡಿಗೆ ಬೀಗ ಬಿದ್ದಿದ್ದಾಗ, ಚರ್ಚಿನ ಗಾನವೃಂದದಲ್ಲಿ ಹಾಡುವ ಒಬ್ಬ ಹೆಣ್ಣುಮಗಳನ್ನು ಸೂಲಗಿತ್ತಿ ಹೆರಿಗೆಗೆಂದು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ಗೇಟು ಬಿತ್ತು. ಗೂಡ್ಸ್ ಗಾಡಿ, ಅದರ ಹಿಂದೆ ಇನ್ನೊಂದು. ಮಗು ಅಲ್ಲೇ ಹುಟ್ಟಿತು, ಉಸಿರು ದಾರದಷ್ಟು. ತಾಯಿ ಸೂಲಗಿತ್ತಿಯ ಮುಂಗೈ ಹಿಡಿದು, “ನೀರು ಹಾಕಮ್ಮಾ” ಎಂದಳು. ಪ್ರಾಣ ಹೋಗುವ ಹೊತ್ತಿಗೆ ಗುರುಗಳೇ ಬೇಕೆಂದಿಲ್ಲ, ಮಗುವನ್ನು ಕ್ರೈಸ್ತ ಮಾಡುವ ದೀಕ್ಷಾಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ಸೂಲಗಿತ್ತಿ ಡ್ರೈವರಿನ ಬಾಟಲಿಯ ನೀರನ್ನು ಮೂರು ಸಲ ಆ ಪುಟ್ಟ ನೆತ್ತಿಗೆ ಹನಿಸಿ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದಳು. ಗೇಟು ಮೇಲೇಳುವ ಹೊತ್ತಿಗೆ ಮಗು ಇರಲಿಲ್ಲ. ವಾರ್ಡಿನಲ್ಲಾಗಿದ್ದರೆ ಗೋಡೆಗೇ ಆಮ್ಲಜನಕದ ನಳಿಗೆಯಿತ್ತು.

ಈಗ ಯಾರಿಗೆ ಹಾಕಬೇಕು? ಅವಳನ್ನು ತಿನ್ನುತ್ತಿದ್ದುದು ಇದೊಂದೇ. ಎರಡು ಮನೆಗೆ ಹಾಕಿ, ಅದೇ ಕೈ ಚಾಚಿ ಚರ್ಚಿನ ಪೂಜೆಯಲ್ಲಿ ಕ್ರಿಸ್ತರ ಶರೀರವಾದ ಪರಮಪ್ರಸಾದ ತೆಗೆದುಕೊಳ್ಳುವುದು ಹೇಗೆ? ಮುಂದಿನ ಬೆಂಚಿಗೆ ಹಾಕಿ, ಆ ತಾಯಿಯ ಮುಖ ನೋಡುವುದು ಹೇಗೆ?

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಅದರ ಆಡಳಿತ ಮಂಡಳಿಯ ಕಾರ್ಯದರ್ಶಿ ಎಲ್ಲರ ಕೈಗೂ ಒಂದೊಂದು ಕಾರ್ಡು ಕೊಡುತ್ತಿದ್ದರು. ಅವರು ನಿವೃತ್ತ ಸ್ಟೇಷನ್ ಮಾಸ್ತರರು. ಇವತ್ತಿಗೂ ಮನುಷ್ಯರನ್ನು ಹಳಿ ತಪ್ಪಿದ ಬೋಗಿಗಳಂತೆ ನೋಡುತ್ತಾರೆ. ಕಾರ್ಡಿನ ತಲೆಬರಹ ‘ಮನಸ್ಸಾಕ್ಷಿಯ ಮತ’. ಕೆಳಗೆ ಐದು ಪ್ರಶ್ನೆ. ಮುಂದಿನ ಬೆಂಚಿಗೆ ಐದಕ್ಕೆ ಐದೂ ಸರಿ ಗುರುತು, ಎರಡು ಮನೆಗೆ ಐದೂ ತಪ್ಪು.

“ವಾರ್ಡಿನ ವಿಷಯ ಇದರಲ್ಲಿ ಇಲ್ವಲ್ಲ?” ಎಂದಳು ಸೂಲಗಿತ್ತಿ.

“ಅದು ಧರ್ಮದ ವಿಷಯ ಅಲ್ಲಮ್ಮ. ಆಡಳಿತದ ವಿಷಯ.”

“ಮಗು ಸತ್ತಿದ್ದು ಆಡಳಿತದ ವಿಷಯನಾ?”

“ನೀವು ಭಾವುಕರಾಗ್ತಿದೀರಿ.”

“ಈ ಕಾರ್ಡನ್ನ ಫಾದರ್ ನೋಡಿದಾರಾ?”

“ಅವರಿಗೆ ಇನ್ನೂ ವಯಸ್ಸು ಸಾಲದು,” ಎಂದು ಕಾರ್ಯದರ್ಶಿ ಮುಂದಿನವರ ಕೈಗೆ ಕಾರ್ಡು ತುರುಕಿದರು.

ಅಂಗಳದಲ್ಲೇ ಮುಂದಿನ ಬೆಂಚಿನವರು ಸಿಕ್ಕರು. ಸೂಲಗಿತ್ತಿ ನೇರವಾಗಿ ಕೇಳಿದಳು. ಅವರು ಕೆಟ್ಟವರಲ್ಲ, ಅವಳ ಎರಡೂ ಕೈ ಹಿಡಿದುಕೊಂಡರು, ಗೇಟಿನ ಮೇಲೆ ಒಂದು ದಿನ ಸೇತುವೆ ಬರುತ್ತದೆ ಎಂದರು, ದೊಡ್ಡಾಸ್ಪತ್ರೆಯಲ್ಲಿ ಏನೆಲ್ಲ ಯಂತ್ರಗಳಿವೆ ಎಂದು ವಿವರಿಸಿದರು. “ಆ ಮಗುವಿಗೋಸ್ಕರ ನಾನೂ ಅತ್ತಿದೀನಿ ಸಿಸ್ಟರ್. ಪ್ರಾರ್ಥನೆ ಮಾಡೋಣ.”

ಅತ್ತಿದ್ದು ನಿಜವೇ ಇರಬೇಕು. ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು. ಬೀಗ ಹಾಕುವವರೂ ಇವರೇ, ಪ್ರಾರ್ಥನೆ ಮಾಡೋಣ ಎನ್ನುವವರೂ ಇವರೇ.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಐವತ್ತೆಂಟರ ಸೊಸೆಯನ್ನು ಇನ್ನೂ ‘ಹುಡುಗಿ’ ಎಂದೇ ಕರೆಯುವ ಅತ್ತೆಗೆ ಸಂಶಯವೆಂಬುದೇ ಇರಲಿಲ್ಲ. “ಹುಡುಗೀ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ? ಮುಂದಿನ ಬೆಂಚಿನವನು ಪ್ರತಿ ವಾರ ನನ್ನ ಮಂಡಿನೋವು ಹೇಗಿದೆ ಅಂತ ಕೇಳ್ತಾನೆ. ನೀನು ಯಾವತ್ತಾದ್ರೂ ಕೇಳಿದೀಯಾ?”

“ದಿನಾ ಎಣ್ಣೆ ಹಚ್ಚೋದು ಯಾರತ್ತೇ?”

“ಹಚ್ತೀಯ. ಕೇಳಿದೀಯಾ?”

ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಅವನೂ ಒಂದು ದಾರಿ ತೋರಿಸಿದ. “ಯಾರಿಗೂ ಹಾಕ್ಬೇಡ ಬಿಡೇ. ಖಾಲಿ ಚೀಟಿ ಮಡಚಿ ಹಾಕಿ ಬಾ. ಕೈ ತೊಳ್ಕೊಂಡ ಹಾಗಾಯ್ತು.”

“ರೀ, ಹೆರಿಗೆ ನೋವು ತಿಂತಿರೋಳ ಮುಂದೆ ನಿಂತು, ತಾಯಿ ಉಳಿತಾಳೋ ಮಗು ಉಳಿಯುತ್ತೋ ಗೊತ್ತಿಲ್ಲ ಅಂತ ನಾನು ಕೈ ತೊಳ್ಕೊಂಡು ಹೊರಗೆ ಹೋದ್ರೆ?”

“ಅದು ಬೇರೆ.”

“ಎಲ್ಲಾರೂ ಅದು ಬೇರೆ, ಅದು ಬೇರೆ ಅಂತೀರಲ್ಲ! ಯಾವುದು ಒಂದೇ ಅಂತ ಯಾರಾದ್ರೂ ಹೇಳ್ತೀರಾ?”

ಅವನು ಚಿಮುಟದಲ್ಲಿ ಸಣ್ಣ ಚಕ್ರವೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಆ ಚಕ್ರದ ಮೇಲೂ ಅವಳಿಗೆ ಸಿಟ್ಟು ಬಂತು.

ವಾರ್ಡಿನಲ್ಲಿ ಆಯಾ ಬಟ್ಟೆ ಮಡಚುತ್ತ, “ಅಕ್ಕಾ, ಅವರಿಗೆ ಎರಡು ಮನೆ ಇದ್ರೆ ಇರ್ಲಿ, ನಮಗಿರೋ ಒಂದು ವಾರ್ಡು ಉಳಿದ್ರೆ ಸಾಕು. ಇದರಲ್ಲಿ ಯೋಚನೆ ಮಾಡೋಕೇನಿದೆ?” ಎಂದಳು. ಸೂಲಗಿತ್ತಿ ಅವಳನ್ನೂ ಗದರಿದಳು. ಯೋಚನೆ ಮಾಡುವುದಕ್ಕೆ ಏನೂ ಇಲ್ಲ ಎನ್ನುವವರೇ ಈ ಕಡೆಯೂ ಇದ್ದರು, ಆ ಕಡೆಯೂ ಇದ್ದರು. ನಡುವೆ ಸಿಕ್ಕಿಕೊಂಡವಳು ತಾನೊಬ್ಬಳೇ ಎಂದು ಅವಳಿಗೆ ಅನ್ನಿಸಿತು.

ಗುರುವಾರದ ಹೊತ್ತಿಗೆ ಮನಸ್ಸು ಎರಡು ಮನೆಯ ಕಡೆಗೇ ವಾಲಿತ್ತು. ವಾಲಿತು ಎಂದು ಗೊತ್ತಾದ ಕೂಡಲೇ ಬೆರಳು ಮಡಚಿ ಗಂಟೆ ಎಣಿಸಿದಳು. ಮತ ಹಾಕುವುದು ಭಾನುವಾರ ಎಂಟಕ್ಕೆ, ಪೂಜೆ ಹತ್ತಕ್ಕೆ. ಇಷ್ಟು ವರ್ಷದಲ್ಲಿ ಅವಳು ಮಾಡಿದ ಪಾಪವನ್ನು ಫಾದರ್ ಬಳಿ ಹೇಳಿಕೊಳ್ಳದೆ, ಮನಸ್ಸಿನಲ್ಲಿ ಕಸ ಇಟ್ಟುಕೊಂಡು ಪರಮಪ್ರಸಾದಕ್ಕೆ ಕೈ ಚಾಚಿದವಳಲ್ಲ. ಆಗ ಹೊಳೆದದ್ದು ಈ ಉಪಾಯ. ಮೂವತ್ತನಾಲ್ಕು ವರ್ಷ, ನೋವು ಶುರುವಾಗುವ ಮೊದಲೇ ನೀರು ಕಾಯಿಸಿ, ಬಟ್ಟೆ ಜೋಡಿಸಿ, ಕತ್ತರಿ ಕುದಿಸಿಟ್ಟು ಕಾದವಳಿಗೆ ಮಾತ್ರ ಹೊಳೆಯುವಂಥದು.

ಶುಕ್ರವಾರ ಸಂಜೆ ಡ್ಯೂಟಿ ಮುಗಿಸಿ, ಸಮವಸ್ತ್ರದಲ್ಲೇ ಚರ್ಚಿಗೆ ಹೋಗಿ ಪಾಪನಿವೇದನೆಯ ಗೂಡಿನ ಮುಂದೆ ಮಂಡಿಯೂರಿದಳು.

“ಆಶೀರ್ವದಿಸಿ ಫಾದರ್, ನಾನು ಪಾಪ ಮಾಡಿದೀನಿ. ಅಂದ್ರೆ, ಇನ್ನೂ ಮಾಡಿಲ್ಲ. ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಮಾಡ್ತೀನಿ.”

ಜಾಲರಿಯ ಆಚೆಯಿಂದ ಫಾದರ್ ಕಿವಿ ಹತ್ತಿರ ತಂದರು.

“ಏನಂದ್ರಿ?”

“ಹತ್ತು ಗಂಟೆ ಪೂಜೆಗೆ ಪ್ರಸಾದ ತಗೋಬೇಕಲ್ಲ. ಮಧ್ಯದಲ್ಲಿ ನೀವೂ ಸಿಗಲ್ಲ, ಟೈಮೂ ಇರಲ್ಲ. ಅದಕ್ಕೆ ಇವತ್ತೇ ಹೇಳ್ಕೊಂಡು ಬಿಡೋಣ ಅಂತ.”

“ಅಮ್ಮಾ, ಪಾಪಕ್ಕೆ ಮುಂಗಡ ಬುಕಿಂಗ್ ಇಲ್ಲ.”

“ಬಸ್ಸಿಗಿದೆ, ಆಪರೇಷನ್ನಿಗಿದೆ. ಇದಕ್ಯಾಕಿಲ್ಲ?”

ಫಾದರ್ ಉಸಿರು ಬಿಟ್ಟದ್ದು ಈಚೆಗೂ ಕೇಳಿಸಿತು. ಅವರಿಗೆ ಮೂವತ್ತೊಂದು ವರ್ಷ. ಅವರನ್ನು ಈ ಲೋಕಕ್ಕೆ ಎಳೆದು ತಂದವಳೂ ಇದೇ ಸೂಲಗಿತ್ತಿ. ಕಾಲು ಮುಂದೆ ಮಾಡಿಕೊಂಡು ಬಂದ ಕೂಸು, ಒಂದಿಡೀ ಹಗಲು ಸತಾಯಿಸಿತ್ತು. ಅವಳು ವಿಷಯವನ್ನೆಲ್ಲ ಬಿಡಿಸಿ ಹೇಳಿದಳು: ಎತ್ತಿದ ಕೈ, ಬೀಗ ಬೀಳಲಿರುವ ವಾರ್ಡು, ಗೇಟು, ಬಾಟಲಿಯ ನೀರು.

“ನೀವು ಮಾಡೋಕೆ ಹೊರಟಿರೋದು ಪಾಪ ಅಂತ ನಿಮಗೆ ಖಾತ್ರಿ ಇದ್ರೆ ಮಾಡ್ಬೇಡಿ,” ಎಂದರು ಫಾದರ್. “ಪಾಪ ಅಲ್ಲ ಅಂದ್ರೆ ಇಲ್ಲಿ ಹೇಳೋಕೇನಿದೆ?”

“ಪಾಪ ಹೌದೋ ಅಲ್ವೋ, ಅದನ್ನ ಹೇಳೋದು ನಿಮ್ಮ ಕೆಲಸ.”

“ಇಂಥವರಿಗೆ ಹಾಕಿ ಅಂತ ನಾನು ಹೇಳಲ್ಲ. ಹೇಳಬಾರದು. ಅದು ನಿಮ್ಮ ಮನಸ್ಸಾಕ್ಷಿಯ ಕೆಲಸ.”

“ಹುಟ್ಟುವಾಗ್ಲೂ ಹಿಂಗೇ ಮಾಡ್ದೆ ನೀನು,” ಸೂಲಗಿತ್ತಿಗೆ ಏಕವಚನ ಜಾರಿತು. “ಎಲ್ಲಾರೂ ಬಾ ಬಾ ಅಂತಿದ್ರೆ ನೀನು ಅಡ್ಡ ತಿರುಗಿ ಕೂತಿದ್ದೆ.”

“ಅಮ್ಮಾ!”

“ತಪ್ಪಾಯ್ತು ಫಾದರ್.”

ಆಮೇಲೆ ಫಾದರ್ ನಿಧಾನವಾಗಿ ಕೇಳಿದರು: “ಅವರಿಗೆ ಯಾತಕ್ಕೆ ಹಾಕ್ತೀರಿ? ಆ ಕಾನೂನು ಬೇಕು ಅಂತಲಾ?”

“ಛೀ! ಈ ಕೈಯಲ್ಲಿ ಎಷ್ಟು ಮಕ್ಕಳನ್ನ ಎತ್ತಿದೀನಿ! ಆ ಕಾನೂನು ಯಾವನಿಗೆ ಬೇಕು?”

“ಈ ಛೀ ಅನ್ನೋದನ್ನ ಯಾರಿಗೆ ಹೇಳಿದೀರಿ?”

“ಎಲ್ಲಾರಿಗೂ ಹೇಳಿದೀನಿ. ನಮ್ಮ ಯಜಮಾನ್ರಿಗೆ, ಅತ್ತೆಗೆ, ಆಯಾಗೆ, ದೇವರಿಗೆ...”

“ಅವರಿಗೆ?”

ಕೈ ಎತ್ತಿದವರೊಬ್ಬರನ್ನು ಬಿಟ್ಟು ಊರಿಗೆಲ್ಲ ಹೇಳಿದ್ದಳು.

“ಒಂದು ಒಳ್ಳೇದಕ್ಕೋಸ್ಕರ ಒಬ್ಬರಿಗೆ ಮತ ಕೊಡೋದು ಬೇರೆ, ಅವರ ತಪ್ಪಿಗೆ ಹೂಂ ಅನ್ನೋದು ಬೇರೆ,” ಎಂದರು ಫಾದರ್. “ಆದ್ರೆ ಆ ಒಳ್ಳೇದು ಅಷ್ಟು ದೊಡ್ಡದಿರಬೇಕು. ನಿಮಗೆ ನೀವೇ ಸುಳ್ಳು ಹೇಳ್ಕೊಳ್ಳದೆ ತೂಗಬೇಕು. ಅದನ್ನ ನಿಮ್ಮ ಬದಲು ನಾನು ಮಾಡಿಕೊಡೋಕಾಗಲ್ಲ. ಈಗ ಹೇಳಿ, ಈ ವಾರ ನಿಜವಾಗ್ಲೂ ಮಾಡಿದ ಪಾಪ ಏನಾದ್ರೂ ಇದೆಯಾ?”

ಇತ್ತು. ಅತ್ತೆಯ ಮೇಲೆ ರೇಗಿದ್ದು, ಗಂಡನ ಮೇಲೆ ರೇಗಿದ್ದು, ಆಯಾಳನ್ನು ವಿನಾಕಾರಣ ಗದರಿದ್ದು, ಕಾರ್ಯದರ್ಶಿಯನ್ನು ಮನಸ್ಸಿನಲ್ಲೇ ಹಳಿಯ ಮೇಲೆ ಮಲಗಿಸಿದ್ದು. ಎಲ್ಲವನ್ನೂ ಒಪ್ಪಿಸಿದಳು. ಫಾದರ್ ಪಾಪಕ್ಷಮೆ ನೀಡಿ ಪ್ರಾಯಶ್ಚಿತ್ತ ವಿಧಿಸಿದರು: “ಭಾನುವಾರದ ಪೂಜೆ ಮುಗಿಯೋವರೆಗೂ ಯಾರ ಮೇಲೂ ರೇಗಬಾರದು.”

“ಜಪಮಾಲೆ ಹೇಳಲಾ ಫಾದರ್? ಹತ್ತು ಸಲ? ಇಪ್ಪತ್ತು ಬೇಕಾದ್ರೂ...”

“ರೇಗಬಾರದು.”

ಚರ್ಚಿನಿಂದ ಹೊರಬಿದ್ದವಳು ಮನೆಯ ಕಡೆ ತಿರುಗಲಿಲ್ಲ. ಪೇಟೆಬೀದಿಯ ಚಪ್ಪಲಿ ಅಂಗಡಿಯ ಮೇಲೆ ಎರಡು ಮನೆಯವರ ಚುನಾವಣಾ ಕಚೇರಿಯಿತ್ತು. ಕಿರಿದಾದ ಮೆಟ್ಟಿಲು ಹತ್ತಿ ಒಳಗೆ ಹೋದರೆ, ಕರಪತ್ರಗಳ ಕಟ್ಟುಗಳ ನಡುವೆ ಅವರೊಬ್ಬರೇ, ಪ್ಯಾಂಟು ಮಡಚಿ, ಎರಡೂ ಕಾಲನ್ನು ಬಿಸಿನೀರಿನ ಟಬ್ಬಿನಲ್ಲಿ ಇಳಿಬಿಟ್ಟು ಕೂತಿದ್ದರು. ಇಡೀ ವಾರ ಮನೆಮನೆ ಸುತ್ತಿದ ಕಾಲುಗಳು ಊದಿಕೊಂಡಿದ್ದವು.

“ಬನ್ನಿ ಸಿಸ್ಟರ್. ಏಳೋಕಾಗಲ್ಲ, ತಪ್ಪು ತಿಳ್ಕೋಬೇಡಿ. ವಾರ್ಡಿನ ವಿಷಯನಾ? ಅದನ್ನ ಮುಚ್ಚೋಕೆ ಬಿಡಲ್ಲ ನಾನು.”

“ವಾರ್ಡಿನ ವಿಷಯ ಅಲ್ಲ. ಹೊಟ್ಟೆಯಲ್ಲಿರೋ ಮಕ್ಕಳ ಕಾನೂನಿಗೆ ನೀವು ಕೈ ಎತ್ತಿದ್ರಲ್ಲ, ಅದು ತಪ್ಪು. ಅದನ್ನ ಹೇಳೋಕೆ ಬಂದೆ.”

“ಓ, ಅದಾ,” ಎಂದು ಅವರು ಟವೆಲಿಗೆ ಕೈ ಚಾಚಿದರು. “ಪಕ್ಷ ಎತ್ತು ಅಂತು, ಎತ್ತಿದೆ.”

“ಓದಿದ್ರಾ?”

“ಎಪ್ಪತ್ತು ಪುಟ ಸಿಸ್ಟರ್!”

ಸೂಲಗಿತ್ತಿಯ ಗಂಟಲವರೆಗೆ ಮಾತು ಬಂತು. ನುಂಗಿದಳು. ಉಸಿರು ಒಳಗೆ ಎಳ್ಕೊಳ್ಳಿ, ನಿಧಾನಕ್ಕೆ ಬಿಡಿ ಎಂದು ಮೂವತ್ತನಾಲ್ಕು ವರ್ಷ ಬೇರೆಯವರಿಗೆ ಹೇಳಿದ್ದನ್ನು ಅಂದು ಮೊದಲ ಸಲ ತಾನೇ ಮಾಡಿದಳು. ಎಷ್ಟು ಕಷ್ಟದ ಕೆಲಸ ಅದು! ಹೆತ್ತ ತಾಯಂದಿರೆಲ್ಲರ ಬಗ್ಗೆ ಅವಳಿಗೆ ಹೊಸದಾಗಿ ಮರುಕ ಹುಟ್ಟಿತು.

“ಓದದೆ ಎತ್ತಿದ್ರಿ,” ಎಂದಳು, ಮೆಲ್ಲಗೆ.

ಆ ಮೆಲ್ಲನೆಯ ದನಿಯೇ ಅವರನ್ನು ಚುಚ್ಚಿರಬೇಕು. “ನೋಡಿ ಸಿಸ್ಟರ್, ಹಾಗಿದ್ರೆ ಮುಂದಿನ ಬೆಂಚಿಗೇ ಹಾಕಿ, ನಾನೇನು ಬೇಡ ಅಂದ್ನಾ? ನನ್ನ ಹತ್ತಿರ ಒಳ್ಳೆ ಹೆಸರೂ ಇಲ್ಲ, ಒಳ್ಳೆ ಬೆಂಚೂ ಇಲ್ಲ. ವಾರ್ಡು ಉಳಿಸ್ತೀನಿ, ಅಷ್ಟಕ್ಕೆ ಮಾತು ಕೊಡ್ತೀನಿ. ಇನ್ನೊಂದು ಸಲ ಅಂಥ ಕಾನೂನಿಗೆ ಕೈ ಎತ್ತಲ್ಲ ಅಂತ ಈಗ ಹೇಳಿದ್ರೆ ಸುಳ್ಳಾಗುತ್ತೆ.”

ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ ಈ ಮನುಷ್ಯ? ಅದನ್ನೇ ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಹಾಯಾಗಿ ನಿದ್ದೆ ಮಾಡುತ್ತಿದ್ದಳು. ಮಾಡಬಾರದ್ದನ್ನೆಲ್ಲ ಮಾಡಿ, ನಿಜ ಹೇಳಬಾರದ ಹೊತ್ತಿನಲ್ಲಿ ನಿಜ ಹೇಳುತ್ತಾರಲ್ಲ!

“ಹಾಗಾದ್ರೆ ನನ್ನದೂ ಕೇಳಿ,” ಎಂದಳು. “ನಿಮಗೆ ಹಾಕಿದ್ರೆ ಆ ವಾರ್ಡಿಗೋಸ್ಕರ ಹಾಕ್ತೀನಿ. ನೀವು ಎತ್ತಿದ ಕೈಗೆ ನನ್ನ ಕೈ ಸೇರಿಲ್ಲ. ಗೆದ್ದ ಮೇಲೆ ಪ್ರತಿ ತಿಂಗಳು ಬಂದು ಇದನ್ನೇ ಹೇಳ್ತೀನಿ. ಆ ಎಪ್ಪತ್ತು ಪುಟಾನೂ ತಂದು ಕೂರಿಸಿ ಓದಿಸ್ತೀನಿ.”

“ಪ್ರತಿ ತಿಂಗಳಾ?”

“ಮೊದಲನೇ ಶುಕ್ರವಾರ. ನೆನಪಿರುತ್ತೆ ನನಗೆ, ಅವತ್ತು ಪೂಜೆ ಇರುತ್ತೆ.” ಬಾಗಿಲವರೆಗೆ ಹೋದವಳು ತಿರುಗಿದಳು. “ನೀರಿಗೆ ಉಪ್ಪು ಹಾಕಿದೀರಾ?”

“ಇಲ್ಲ.”

“ಹಾಕಿ. ಎಡಗಾಲಿನ ಹೆಬ್ಬೆರಳಲ್ಲಿ ಕೀವಾಗ್ತಿದೆ. ನಾಳೆ ವಾರ್ಡಿಗೆ ಬನ್ನಿ, ಕಟ್ತೀನಿ.”

ಶನಿವಾರ ಅತ್ತೆ ಮೂರು ಸಲ ಮಂಡಿಯ ವಿಷಯ ಎತ್ತಿದರು. ಮೂರು ಸಲವೂ ಸೂಲಗಿತ್ತಿ, “ನೋವು ಹೇಗಿದೆ ಅತ್ತೇ?” ಎಂದು ಕೇಳಿದಳು. ಮೂರನೆಯ ಸಲಕ್ಕೆ ಅತ್ತೆಗೆ ಗಾಬರಿಯಾಗಿ, ಮಗನನ್ನು ಪಕ್ಕಕ್ಕೆ ಕರೆದು, “ಇವಳಿಗೆ ಮೈ ಹುಷಾರಿದೆಯೇನೋ?” ಎಂದರು.

ಭಾನುವಾರ ಎಂಟಕ್ಕೆ ಶಾಲೆಯ ಕೋಣೆಯಲ್ಲಿ, ಗಿಡ್ಡ ಮೇಜಿನ ಮೇಲೆ ರಟ್ಟಿನ ಮರೆಯ ಹಿಂದೆ, ದಾರ ಕಟ್ಟಿದ ಪೆನ್ಸಿಲು ಹಿಡಿದು ನಿಂತಳು. ಚೀಟಿಯ ಮೇಲೆ ಎರಡು ಹೆಸರು. ಒಂದೊಂದನ್ನೇ ತೂಗಿದಳು. ಆ ಕಾನೂನಿನಿಂದ ಹುಟ್ಟದೇ ಹೋಗುವವರು ಒಂದು ಕಡೆ. ಅವರ ಮುಖ ಅವಳಿಗೆ ಕಾಣಿಸಲಿಲ್ಲ, ಕಾಣಿಸಲಿಲ್ಲವೆಂದು ಅವರು ಹಗುರವಾಗಲೂ ಇಲ್ಲ. ಮುಂದಿನ ಬೆಂಚಿನವರು ಗೆದ್ದರೂ ಆ ಕಾನೂನು ಇದ್ದಲ್ಲೇ ಇರುತ್ತದೆ, ವಾರ್ಡು ಮಾತ್ರ ಹೋಗುತ್ತದೆ. ಇದೂ ಅವಳಿಗೆ ಗೊತ್ತಿತ್ತು. ಗೇಟಿನ ಮುಂದೆ ಹನಿಸಿದ ಮೂರು ಹನಿ ಇನ್ನೊಂದು ಕಡೆ.

“ಬೇಗ ಅಮ್ಮಾ, ಹಿಂದೆ ಕಾಯ್ತಿದಾರೆ,” ಎಂದ ಅಧಿಕಾರಿ.

ಇಂಥದಕ್ಕೆ ಆತುರ ಮಾಡಬಾರದಯ್ಯಾ ಎಂದು ಗದರಲು ಬಾಯಿ ತೆರೆದವಳು, ಮುಚ್ಚಿ, ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿಕೊಂಡಳು. ಎರಡು ಮನೆಯವರ ಹೆಸರಿನ ಮುಂದೆ ಗುರುತು ಹಾಕಿದಳು. ಖುಷಿಯಾಗಲಿಲ್ಲ. ಹಗುರವೂ ಆಗಲಿಲ್ಲ. ಆದರೆ ಯಾರಿಗೂ ಸುಳ್ಳು ಹೇಳಿದ ಹಾಗೂ ಆಗಲಿಲ್ಲ.

ಪೂಜೆಯಲ್ಲಿ ಅವಳ ಹಿಂದಿನ ಬೆಂಚಿನಲ್ಲೇ ಕಾರ್ಯದರ್ಶಿ. ದೈವವಾಕ್ಯದ ಓದು ನಡೆಯುತ್ತಿರುವಾಗಲೇ ಮುಂದಕ್ಕೆ ಬಾಗಿ, “ಕಾರ್ಡಿನ ಪ್ರಕಾರ ತಾನೇ?” ಎಂದು ಪಿಸುಗುಟ್ಟಿದರು. ಉಸಿರು ಎಳೆದುಕೊಂಡಳು. ಶಾಂತಿ ವಿನಿಮಯದ ಹೊತ್ತಿಗೆ ಕೈಕುಲುಕುತ್ತ, “ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ,” ಎಂದರು. ಉಸಿರು ಬಿಟ್ಟಳು. ಪರಮಪ್ರಸಾದದ ಸಾಲಿನಲ್ಲಿ ಬೆನ್ನ ಹಿಂದೆ ಅವರು ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು.

ಸರದಿ ಬಂತು. ಆ ಕ್ಷಣಕ್ಕೆ ಕಾರ್ಯದರ್ಶಿಯೂ ಮರೆತುಹೋದರು. ಎಡಗೈಯ ಕೆಳಗೆ ಬಲಗೈ ಇಟ್ಟು ಚಾಚಿದಳು. ಗೇಟಿನ ಬಳಿ ನೀರು ಹನಿಸಿದ್ದೂ ಇದೇ ಕೈ, ಇವತ್ತು ಬೆಳಗ್ಗೆ ಪೆನ್ಸಿಲು ಹಿಡಿದದ್ದೂ ಇದೇ ಕೈ. ಫಾದರ್ ಒಂದು ಗಳಿಗೆ ಅವಳ ಮುಖ ನೋಡಬಹುದು, ಏನಾದರೂ ಹುಡುಕಬಹುದು ಎಂದುಕೊಂಡಿದ್ದಳು. ಅವರು ಏನನ್ನೂ ಹುಡುಕಲಿಲ್ಲ.

“ಕ್ರಿಸ್ತರ ಶರೀರ.”

“ಆಮೆನ್,” ಎಂದಳು. ದನಿ ನಡುಗಲಿಲ್ಲ.

ಬೆಂಚಿಗೆ ಮರಳಿ ಮಂಡಿಯೂರಿ, ಎರಡು ಮನೆಯವರಿಗಾಗಿ ಬೇಡಿಕೊಂಡಳು; ಅವರ ಕೈಗೆ ಇನ್ನು ಮೇಲೆ ಸ್ವಲ್ಪ ಭಾರ ಕೊಡು ಎಂದು. ಮುಂದಿನ ಬೆಂಚಿನವರಿಗಾಗಿಯೂ ಬೇಡಿಕೊಂಡಳು. ಅದು ಹೆಚ್ಚು ಕಷ್ಟವಾಯಿತು.

ಕೊನೆಯ ಆಶೀರ್ವಾದವಾಯಿತು. “ಪೂಜೆ ಮುಗಿಯಿತು, ಶಾಂತಿಯಿಂದ ತೆರಳಿರಿ,” ಎಂದರು ಫಾದರ್. ಎನ್ನುವಾಗ ಅವರ ಕಣ್ಣು ಯಾಕೋ ಸೂಲಗಿತ್ತಿಯ ಕಡೆಗಿತ್ತು. “ದೇವರಿಗೆ ಕೃತಜ್ಞತೆ,” ಎಂದು ಇಡೀ ಸಭೆಗಿಂತ ಒಂದು ಹಿಡಿ ಜೋರಾಗಿಯೇ ಹೇಳಿ, ಅವಳು ಎದ್ದಳು. ಚೀಲದಿಂದ ಕಾರ್ಡು ತೆಗೆದಳು. ಐದನೆಯ ಪ್ರಶ್ನೆಯ ಕೆಳಗೆ ತನ್ನ ದಪ್ಪ ಅಕ್ಷರದಲ್ಲಿ ಆರನೆಯದನ್ನು ಬರೆದಿದ್ದಳು: ‘ರೈಲ್ವೆ ಗೇಟು ಹಾಕಿದಾಗ ಮಗು ಎಲ್ಲಿ ಹುಟ್ಟಬೇಕು?’

ಅದನ್ನು ಹಿಡಿದು ಹಿಂದಿನ ಬೆಂಚಿನ ಕಡೆ ತಿರುಗಿದಳು.

“ಈಗ ಹೇಳಿ ಮಾಸ್ತರ್ರೇ,” ಎಂದಳು ಸೂಲಗಿತ್ತಿ, ತೋಳು ಮಡಚಿಕೊಳ್ಳುತ್ತ. “ಆಗಿನಿಂದ ಏನೋ ಕೇಳ್ತಿದ್ರಲ್ಲ?”